ಕಬಡ್ಡಿಯಿಂದ ರಗ್ಬಿಗೆ: ಏನು ಉಳಿಸ್ಕೋಬೇಕು, ಏನು ಬಿಡಬೇಕು?

ಪ್ರಶ್ನೆ (ಸುರಪುರ, ಯಾದಗಿರಿ ಜಿಲ್ಲೆ)
ತಂಗಿಗೆ 18 ವರ್ಷ. ಕಬಡ್ಡಿಯೊಳಗ ಲೆಫ್ಟ್ ಕಾರ್ನರ್ (ಹಿಡಿಯೋರ ಸಾಲಿನ ಎಡತುದಿ), ಆಂಕಲ್ ಹೋಲ್ಡ್ (ರೈಡರ್ ಪಾದದ ಗಂಟು ಹಿಡಿಯೋದು) ಗಟ್ಟಿ. ರಗ್ಬಿ ಸೆವೆನ್ಸ್ (ಏಳು ಮಂದಿಯ ರಗ್ಬಿ) ಆಡಿ ಭಾರತ ತಂಡ ಸೇರಬೇಕಂತ ಹಟ ಹಿಡದಾಳ. ಹತ್ತಿರ ಕೋಚ್ ಇಲ್ಲ. ಮೊದಲು ಏನು ಕಲೀಬೇಕು? ತಿಳಿದವರು ಹೇಳ್ರಿ.

ಉತ್ತರ 1 (ಕಲಬುರಗಿ)
ಮೈಮೇಲೆ ಬರೋರಿಗೆ ಹೆದರದೇ ಇರೋದು ಕಲಿಸೋದೇ ಕಷ್ಟ, ಅದು ಆಕಿಗೆ ಬಂದದ. ಮೊದಲು ತಿದ್ದಬೇಕಾದ್ದು ತಲೆ ಇಡೋ ಜಾಗ. ಆಂಕಲ್ ಹೋಲ್ಡಿಗೆ ಹಾರಿದಾಗ ತಲೆ ರೈಡರ್ ಕಾಲಿನ ಮುಂದ ಹೋಗ್ತದ. ರಗ್ಬಿಯೊಳಗ ಚೆಂಡು ಹಿಡಿದು ಬರೋ ಎದುರಿನಾಕಿ ಪೂರಾ ಓಟದಾಗ ಇರ್ತಾಳ, ಮೊಣಕಾಲು ಸೀದಾ ತಲೆಗೇ ಬಡೀತದ. ಬಗಲಿಂದ ಹಿಡಿಯುವಾಗ ತಲೆ ಆಕಿಯ ಹಿಂದ ಇರಬೇಕು, ಗಲ್ಲ ಕುಂಡಿಗೆ ಒತ್ತಿರಬೇಕು. ಭುಜ ತೊಡೆಗೆ ತಾಗಬೇಕು, ಎರಡೂ ಕೈ ಸುತ್ತಿ ಬಿಗಿಬೇಕು.

ಮೊದಲ ವಾರ ಇಬ್ಬರೂ ಮೊಣಕಾಲೂರಿ ಮಾಡ್ಲಿ. ಆಮೇಲೆ ಎದುರಿನಾಕಿ ನಡೀತಾ ಬರ್ಲಿ, ಓಟ ಕೊನೆಗೆ. ಕಾರ್ನರ್ ಆಡಿದವರಿಗೆ ಒಂದೇ ಭುಜದ ರೂಢಿ ಇರ್ತದ, ಅದಕ್ಕ ಎರಡೂ ಕಡೆ ಹತ್ತತ್ತು ಸಲ.

ಕಬಡ್ಡಿಯ ಡ್ಯಾಶ್ (ರೈಡರ್‌ನ ಮೈಯಿಂದ ಗುದ್ದಿ ಹೊರಗ ತಳ್ಳೋದು) ಪೂರಾ ಬಿಡಬೇಕು. ಕೈ ಸುತ್ತದೆ ಭುಜದಿಂದ ಗುದ್ದಿದರೆ ಪೆನಾಲ್ಟಿ, ಜೋರಿದ್ದರೆ ಕಾರ್ಡ್. ಹಳದಿ ಕಾರ್ಡ್ ಅಂದ್ರೆ 2 ನಿಮಿಷ ಹೊರಗ. 14 ನಿಮಿಷದ ಆಟದಾಗ ಅಷ್ಟರಲ್ಲೇ ಎರಡು ಟ್ರೈ (ಗೆರೆ ದಾಟಿ ಚೆಂಡು ನೆಲಕ್ಕ ಊರಿ ಗಳಿಸೋ ಅಂಕ) ಬಿದ್ದುಹೋಗ್ತಾವ. ರೈಡರ್‌ನ ಎತ್ತಿದಂಗ ಎದುರಿನಾಕಿನ ಎತ್ತಿ ಒಗೆಯೋದಂತೂ ಬ್ಯಾಡವೇ ಬ್ಯಾಡ, ತಲೆ ಕೆಳಗಾಗಿ ಬಿದ್ದರೆ ಕೆಂಪು ಕಾರ್ಡ್, ಕುತ್ತಿಗೆಗೂ ಅಪಾಯ. ಇನ್ನೊಂದು: ಕಬಡ್ಡಿಯೊಳಗ ಹಿಡಿದದ್ದು ಬಿಡಬಾರದು, ಇಲ್ಲಿ ನೆಲಕ್ಕ ಬಿದ್ದ ಕೂಡಲೇ ಬಿಟ್ಟು ಹೊರಳಬೇಕು. ಕಬಡ್ಡಿ ಹುಡುಗಿಯರು ಹೆಚ್ಚು ಪೆನಾಲ್ಟಿ ಕೊಡೋದು ಇಲ್ಲೇ.

ಉತ್ತರ 2 (ಬೀದರ್)
ನೆಲದ ಬಗ್ಗೆ ಒಂದು ಮಾತು. ಬ್ಯಾಸಿಗ್ಯಾಗ ಎರಿ ಮಣ್ಣು ಕಲ್ಲಿನಂಗ ಆಗಿ ಬಿರುಕು ಬಿಡ್ತದ, ಬೂಟಿನ ತಳದ ಸ್ಟಡ್ ಇಳಿಯಂಗಿಲ್ಲ, ಹಿಮ್ಮಡಿ ಹೊರಳ್ತದ. ತೊಗರಿ ಕೊಯ್ದ ಹೊಲ ಬ್ಯಾಡ, ಕೂಳಿ ಚುಚ್ಚತಾವ. ಟ್ಯಾಕಲ್ (ಎದುರಿನಾಕಿನ ಹಿಡಿದು ಕೆಡವೋದು) ಕಬಡ್ಡಿ ಮ್ಯಾಟ್ ಮ್ಯಾಲೇ ಕಲೀಲಿ. ಗೋಣಿಚೀಲಕ್ಕ ತೊಗರಿ ಹೊಟ್ಟು ಒತ್ತಿ ತುಂಬಿ ಬಾಯಿ ಹೊಲಿದರೆ ಟ್ಯಾಕಲ್ ಬ್ಯಾಗ್ ಆಯ್ತು.

ಓಟಕ್ಕ ಬ್ರೋಂಕೋ ಅನ್ನೋ ದಮ್ಮಿನ ಪರೀಕ್ಷೆ ಮಾಡಿಸ್ರಿ: 20 ಮೀಟರ್ ಹೋಗಿ ಬರೋದು, 40 ಹೋಗಿ ಬರೋದು, 60 ಹೋಗಿ ಬರೋದು. ಹಿಂಗ ನಿಲ್ಲದೆ ಐದು ಸಲ, ಒಟ್ಟು 1200 ಮೀಟರ್. ಮೊದಲ ಗುರಿ 6 ನಿಮಿಷ ಇಟ್ಕೊಳ್ರಿ. ಬೆಳಿಗ್ಗೆ 7ರೊಳಗ ಮುಗೀಬೇಕು. ಕಬಡ್ಡಿಯ ತೂಕದ ಮಿತಿ ಇಲ್ಲಿಲ್ಲ, ಮೈ ಇಳಿಸೋಕೆ ಊಟ ಬಿಡೋದು ನಿಲ್ಲಿಸ್ಲಿ. ರೊಟ್ಟಿ, ಕಾಳುಪಲ್ಯ, ಶೇಂಗಾ ಹಿಂಡಿ, ಮೊಸರು ಹೊಟ್ಟೆ ತುಂಬ ಉಣ್ಲಿ.

ಪ್ರಶ್ನೆ ಕೇಳಿದವರು
ತಲೆಗೆ ಪೆಟ್ಟು ಬಿದ್ದರೆ? ಅವ್ವನ ಚಿಂತಿ ಅದೇ.

ಉತ್ತರ 1
ಅವ್ವನ ಚಿಂತಿ ಖರೇನೇ ಅದ. ತಲೆ ತಿರುಗಿದರೆ, ಕಣ್ಣು ಮಂಜಾದರೆ, ಸ್ಕೋರ್ ಎಷ್ಟಂತ ನೆನಪಾಗದಿದ್ದರೆ ಆಗಲೇ ಹೊರಗ ಕರೀರಿ, ಡಾಕ್ಟರಿಗೆ ತೋರಿಸ್ರಿ. ಆಕಿ ಆಡ್ತೀನಿ ಅಂದ್ರೂ ಬಿಡಬ್ಯಾಡ್ರಿ. ಮತ್ತೆ ಮ್ಯಾಚ್ ಆಡೋಕೆ ಕಡಿಮೆ ಅಂದ್ರೂ 21 ದಿನ.

ಉತ್ತರ 3
ದಾರಿ ಇಷ್ಟು: ರಾಜ್ಯ ಸಂಸ್ಥೆಯ ಆಯ್ಕೆ, ರಾಷ್ಟ್ರೀಯ ಟೂರ್ನಿ, ಅಲ್ಲಿ ಕಣ್ಣಿಗೆ ಬಿದ್ದರೆ ರಗ್ಬಿ ಇಂಡಿಯಾದ ಶಿಬಿರ, ಆಮೇಲೆ ಏಷ್ಯಾ ಟೂರ್ನಿಗಳು. ಬರೇ ಸೆವೆನ್ಸ್ ಅಂತ ಕೂಡಬ್ಯಾಡ್ರಿ. 2019ರಲ್ಲಿ ಮನಿಲಾದಲ್ಲಿ ಸಿಂಗಪುರವನ್ನು 21–19ರಿಂದ ಸೋಲಿಸಿ ನಮ್ಮ ಹೆಣ್ಣುಮಕ್ಕಳು ಮೊದಲ ಗೆಲುವು ಕಂಡದ್ದು 15 ಮಂದಿಯ ಆಟದೊಳಗ. ಆಯ್ಕೆಗೆ ಹೋಗೋ ಮೊದಲು ಓಡ್ತಾ ಎರಡೂ ಕಡೆಗೆ 10 ಮೀಟರ್ ಪಾಸ್ ಹಾಕೋದು ಪಕ್ಕಾ ಆಗಿರ್ಲಿ. ಚೆಂಡು ಮುಂದಕ್ಕ ಹೋಗಬಾರದು. ಸ್ವೀಕರಿಸೋಳು ಯಾವಾಗಲೂ ಒಂದು ಹೆಜ್ಜೆ ಹಿಂದ.