ಚಿನ್ನಿಯ ಬಾರ್ಬಿಗೆ ಚಿಕ್ಕಪ್ಪನ ಆಕ್ಷೇಪ

ಗುಂಪು: ನಮ್ಮ ಮನೆ ಮಂದಿ

ರಾಘು ಚಿಕ್ಕಪ್ಪ: (ಫಾರ್ವರ್ಡ್ ಆಗಿದ್ದು) "ಜನವರಿ 2012: ಇರಾನ್ ರಾಜಧಾನಿ ಟೆಹರಾನ್‌ನಲ್ಲಿ ಬಾರ್ಬಿ ಮಾರುವ ಅಂಗಡಿಗಳಿಗೆ ಬೀಗ." ಹಳೆ ಸುದ್ದಿ, ಆದರೂ ಎಲ್ಲರೂ ಓದಿ. ಮೇಘನಾ, ಚಿನ್ನಿಯ ಹುಟ್ಟುಹಬ್ಬದ ಫೋಟೋದಲ್ಲಿ ಆ ಗೊಂಬೆ ನೋಡಿ ಬೇಜಾರಾಯಿತು. ಇರಾನಿನವರಿಗೆ ಇದ್ದ ಎಚ್ಚರ ನಮಗಿಲ್ಲ.

ಮೇಘನಾ: ಚಿಕ್ಕಪ್ಪ, ಬೀಗ ಹಾಕಿದ ಮೇಲೆ ಏನಾಯಿತು ಅಂತ ಅದರಲ್ಲಿ ಇಲ್ಲವಲ್ಲ? ಅಂಗಡಿಯವರು ಬಾರ್ಬಿಯನ್ನು ಒಳಗೆ ಬಚ್ಚಿಟ್ಟು ಕದ್ದು ಮಾರಿದರು. ಪೊಲೀಸರಿಗೆ ಕಾಣಲಿ ಅಂತ ಮುಂದೆ ಜೋಡಿಸಿದ್ದು ಸರ್ಕಾರದ ಗೊಂಬೆಗಳನ್ನು. ಸಾರಾ ಮತ್ತು ದಾರಾ.

ರಾಘು ಚಿಕ್ಕಪ್ಪ: ಸಾರಾ, ದಾರಾ ಒಳ್ಳೆಯ ಕೆಲಸವೇ ಅಲ್ವಾ? ಅವರ ಹಳೆ ಶಾಲಾ ಪುಸ್ತಕದ ಹೆಸರುಗಳು. ಎಂಟು ವರ್ಷದ ಅವಳಿ ಮಕ್ಕಳು, ಒಂದು ಹೆಣ್ಣು ಒಂದು ಗಂಡು. ಸಾರಾ ತಲೆಗೆ ಬಿಳಿ ಬಟ್ಟೆ, ಮೈತುಂಬ ಉಡುಪು. ಮಗು ಮಗುವಿನ ಹಾಗೇ ಇದೆ.

ಮೇಘನಾ: ಅದು ನನಗೂ ಇಷ್ಟವಾಯಿತು, ನಿಜವಾಗಿ. ಆದರೆ ಕಚೇರಿಯಲ್ಲಿ ಹುಟ್ಟಿದ ಗೊಂಬೆ ಚಿಕ್ಕಪ್ಪ ಅದು. 1996ರಲ್ಲಿ ಮಕ್ಕಳಿಗೆಂದು ಇರುವ ಸರ್ಕಾರಿ ಸಂಸ್ಥೆ ಶುರು ಮಾಡಿತು, ಅಂಗಡಿಗೆ ಬಂದಿದ್ದು 2002ಕ್ಕೆ. ತಯಾರಾಗಿದ್ದು ಚೀನಾದಲ್ಲಿ. ಬೆಲೆ ಸುಮಾರು 15 ಡಾಲರ್, ಅಸಲಿ ಬಾರ್ಬಿಗೆ 40. ಅಷ್ಟು ಅಗ್ಗ ಇದ್ದರೂ ಹತ್ತು ವರ್ಷ ಆದಮೇಲೆ ಬಾರ್ಬಿ ಅಂಗಡಿಗೆ ಬೀಗ ಹಾಕಬೇಕಾಯಿತು. ಮಕ್ಕಳು ಏನು ಕೇಳುತ್ತಿದ್ದರು ಅಂತ ಇದರಲ್ಲೇ ಗೊತ್ತಾಗುತ್ತದೆ.

ಸುಮಾ ಅತ್ತೆ (ಶಾರ್ಜಾ): ರಾಘು, ನಾನೊಂದು ಹೇಳುತ್ತೇನೆ. 2003ರಲ್ಲಿ ಸೌದಿಯ ಧರ್ಮ ಪೊಲೀಸರು ಬಾರ್ಬಿಯನ್ನು ಯಹೂದಿ ಗೊಂಬೆ ಅಂತ ಕರೆದು ಬೇಡ ಅಂದರು. ಅದೇ ವರ್ಷ ಇಲ್ಲೆಲ್ಲ ಫುಲ್ಲಾ ಅನ್ನುವ ಗೊಂಬೆ ಬಂದಳು. ಒಂದು ಜಾತಿ ಮಲ್ಲಿಗೆಯ ಹೆಸರು ಅದು. ಕಂದು ಕಣ್ಣು, ಕಪ್ಪು ಅಬಾಯಾ ಅಂದರೆ ಮೈತುಂಬ ಮುಚ್ಚುವ ನಿಲುವಂಗಿ, ಜೊತೆಗೆ ಗುಲಾಬಿ ಬಣ್ಣದ ಪುಟ್ಟ ನಮಾಜಿನ ಚಾಪೆ. ಪಕ್ಕದ ಮನೆಯ ಹುಡುಗಿಯ ಹತ್ತಿರ ಇದೆ ಅಂತ ನಮ್ಮ ಹುಡುಗಿಯೂ ಹಟ ಹಿಡಿದಳು, ಕೊಡಿಸಿದೆ. ಅಬಾಯಾ ತೆಗೆದರೆ ಒಳಗೆ ಅದೇ ಸಣ್ಣ ಸೊಂಟ, ಅದೇ ಉದ್ದ ಕಾಲು. ಆಮೇಲೆ ಗೊಂಬೆಗೊಂದು ಹೊಸ ಬಟ್ಟೆ, ಕೊಡೆ, ಬ್ಯಾಗು. ಸಂಬಳ ಬಂದ ವಾರ ಪೂರ್ತಿ ಅದೇ ಗಲಾಟೆ. ಗೊಂಬೆ ಬದಲಾಯಿತು, ಕೊಳ್ಳುವ ಚಟ ಬದಲಾಗಲಿಲ್ಲ.

ರಾಘು ಚಿಕ್ಕಪ್ಪ: ಅಕ್ಕ, ಅದು ಕಂಪನಿಯವರ ಆಸೆ. ಹಾಗಂತ ಭಯವೇ ಸುಳ್ಳು ಅನ್ನಬೇಡಿ. 2008ರಲ್ಲಿ ಇರಾನಿನ ಪ್ರಾಸಿಕ್ಯೂಟರ್ ಜನರಲ್ (ಸರ್ಕಾರದ ಕಡೆಯ ಮುಖ್ಯ ವಕೀಲರು) ಬಾರ್ಬಿ, ಬ್ಯಾಟ್‌ಮ್ಯಾನ್, ಸ್ಪೈಡರ್‌ಮ್ಯಾನ್ ಎಲ್ಲ ಸೇರಿಸಿ ಇವು ಅಪಾಯ ಅಂತ ಸರ್ಕಾರಕ್ಕೆ ಪತ್ರ ಬರೆದರು. ಮಗುವಿನ ಮನಸ್ಸು ಹಾಳಾಗುತ್ತದೆ ಅನ್ನುವ ಚಿಂತೆ ಅದು. ನಮ್ಮ ಮನೆಯಲ್ಲೇ ಒಬ್ಬ ಹುಡುಗಿ ದಪ್ಪಗಿದ್ದೇನೆ ಅಂತ ಊಟ ಬಿಟ್ಟಿದ್ದು ಮರೆತಿರಾ?

ಮೇಘನಾ: ಮರೆತಿಲ್ಲ. ಅದು ನಾನೇ. ಆದ್ದರಿಂದಲೇ ಹೇಳುತ್ತಿದ್ದೇನೆ. ನನಗೆ ಮೊದಲ ಬಾರ್ಬಿ ತಂದುಕೊಟ್ಟವರು ನೀವು ಚಿಕ್ಕಪ್ಪ. ಸೀರೆ ಉಟ್ಟ ಬಾರ್ಬಿ, ಹಣೆಗೆ ಬೊಟ್ಟು. ಸೀರೆ ಇದೆಯಲ್ಲ, ನಮ್ಮದೇ ಗೊಂಬೆ ಅಂತ ನೀವೇ ಅಂದಿದ್ದಿರಿ. ಅದರ ಹಿಮ್ಮಡಿ ನೆಲಕ್ಕೆ ತಾಗುತ್ತಲೇ ಇರಲಿಲ್ಲ. ಹೈಹೀಲ್ಸ್‌ಗೆಂದೇ ಮಾಡಿದ ಪಾದ. ಎಷ್ಟು ಸಲ ನಿಲ್ಲಿಸಿದರೂ ಬೀಳುತ್ತಿತ್ತು, ಸ್ಟೀಲ್ ಲೋಟಕ್ಕೆ ಒರಗಿಸಿ ಇಡುತ್ತಿದ್ದೆ. ಸೀರೆಯ ಒಳಗಿನ ಮೈ ಅದೇ ಇತ್ತು. ಅದನ್ನೇ ನೋಡುತ್ತಾ ಬೆಳೆದೆ.

ಮೇಘನಾ: ಇರಾನ್ ಮಾಡಿದ್ದೂ ಬಟ್ಟೆಯ ಮೇಲಿನ ಜಗಳವೇ. ಮುಚ್ಚಿದೆಯೋ ಇಲ್ಲವೋ ಅಷ್ಟೇ. ಅಂಗಡಿಯವನನ್ನು ಹೆದರಿಸಿದರು. ಮಗುವಿಗೆ ಆ ಗೊಂಬೆಯಲ್ಲಿ ಏನು ಇಷ್ಟ, ಅದರಿಂದ ಏನು ನೋವು ಅಂತ ಯಾರೂ ಕೂತು ಕೇಳಲಿಲ್ಲ.

ರಾಘು ಚಿಕ್ಕಪ್ಪ: ನಾನು ತಂದಿದ್ದು ನೆನಪೇ ಇರಲಿಲ್ಲ ಕಣೇ.

ರಾಘು ಚಿಕ್ಕಪ್ಪ: ಆದರೂ ಸರ್ಕಾರ ಸುಮ್ನೆ ಕೂರಬೇಕು ಅಂತ ಒಪ್ಪಲ್ಲ. ನಮ್ಮಲ್ಲೇ 2020ರಲ್ಲಿ ಹೊರದೇಶದಿಂದ ಬರುವ ಆಟಿಕೆಗಳ ಸುಂಕ 20ರಿಂದ 60 ಶೇಕಡಾಕ್ಕೆ ಏರಿಸಿದರು, 2023ರಲ್ಲಿ 70 ಆಯಿತು. ಚನ್ನಪಟ್ಟಣದವರ ಕೈಗೆ ಕೆಲಸ ಸಿಗಲಿ ಬಿಡಿ.

ಮೇಘನಾ: ಸಿಗಲಿ. ಅದು ಕಸುಬು ಉಳಿಸುವ ಮಾತು, ಅದಕ್ಕೆ ನನ್ನ ತಕರಾರಿಲ್ಲ. ಮಗುವಿನ ಕೈಯಿಂದ ಗೊಂಬೆ ಕಿತ್ತುಕೊಳ್ಳುವುದು ಬೇರೆ.

ರಾಘು ಚಿಕ್ಕಪ್ಪ: ಕಿತ್ತುಕೋ ಅಂತ ನಾನು ಹೇಳಲಿಲ್ಲ. ಭಾನುವಾರ ಬಂದು ಮಾತಾಡುತ್ತೇನೆ. ಚಿನ್ನಿಗೆ ಚನ್ನಪಟ್ಟಣದಿಂದ ಏನು ತರಲಿ ಕೇಳು.

ಮೇಘನಾ: ಕೇಳಿದೆ. ಪುಟ್ಟ ಮರದ ಮಂಚ ಬೇಕಂತೆ. ಗೊಂಬೆಗೆ ನಿಲ್ಲೋಕೆ ಆಗಲ್ಲ ಅಮ್ಮ, ಕಾಲು ನೋಯುತ್ತೆ, ಮಲಗಲಿ ಅಂತಾಳೆ.