ಅಪ್‌ಡೇಟ್: ಗ್ಯಾರೇಜಿನಲ್ಲಿ ನೆರಳಿನ ಕಾಟ ತಪ್ಪಿತು

ಹೋದ ವಾರ ಕೇಳಿದ್ದೆನಲ್ಲ, ಧಾರವಾಡದ ನಮ್ಮ ಗ್ಯಾರೇಜಿನಲ್ಲಿ ಕಟ್ಟಿಗೆ ಕೆಲಸಕ್ಕೆ ನಿಂತರೆ ಬೆಂಚಿನ ಮೇಲೆ ನನ್ನದೇ ನೆರಳು ಬೀಳುತ್ತದೆ ಅಂತ. ಈಗ ಸರಿಹೋಯ್ತು.

ಮೊದಲು ಒಬ್ಬರು ಹೇಳಿದಂತೆ ನಡುವಿನ ಟ್ಯೂಬ್ ತೆಗೆದು 50 ವಾಟಿನ ಫ್ಲಡ್‌ಲೈಟ್ ಹಾಕಿದೆ. ಬೆಳಕು ಜಾಸ್ತಿಯಾಯಿತು, ನೆರಳು ಇನ್ನೂ ಕಪ್ಪಾಯಿತು! ಅದೀಗ ಹಿತ್ತಲಿಗೆ ಹೋಗಿದೆ.

ಫಲ ಕೊಟ್ಟಿದ್ದು ‘ವಾಟ್ ಬಿಡಿ, ಲೈಟಿನ ಜಾಗ ಬದಲಿಸಿ’ ಅಂದವರ ಮಾತು. 20 ವಾಟಿನ, ನಾಲ್ಕು ಅಡಿಯ ಎರಡು ಎಲ್‌ಇಡಿ ಟ್ಯೂಬ್ ತಂದು, ನನ್ನ ತಲೆಗಿಂತ ತುಸು ಮುಂದೆ, ಬೆಂಚಿನ ಉದ್ದಕ್ಕೂ ಹಾಕಿಸಿದೆ. ಈಗ ಪೆನ್ಸಿಲ್ ಗೆರೆ ಮೇಲೆ ಗರಗಸ ಇಟ್ಟರೆ ಒಂದೊಂದು ಹಲ್ಲೂ ಕಾಣುತ್ತದೆ. ಬೆಳಕಿನ ಬಣ್ಣ 4000 ಕೆಲ್ವಿನ್ (ಈ ಅಂಕಿ ಹೆಚ್ಚಿದಷ್ಟೂ ಬೆಳಕು ನೀಲಿ ಕಡೆಗೆ ವಾಲುತ್ತದೆ). 6500 ಹಾಕಿ ನೋಡಿದೆ, ಸಾಗವಾನಿ ಸುಮ್ನೆ ಬೂದಿ ಬಳಿದಂತೆ ಕಂಡಿತು.

ಯಾರಾದರೂ ಅಲುಗಾಡಿದಾಗ ಮಾತ್ರ ಲೈಟ್ ಹತ್ತಿಸುವ ಸೆನ್ಸರ್ ಹಾಕಿಸಿ ಅನ್ನೋ ಸಲಹೆಯೂ ಬಂದಿತ್ತು, ಅದು ನನಗೆ ಒಗ್ಗಲಿಲ್ಲ. ಅಲುಗಾಡದೆ ಅಳತೆ ಹಾಕುತ್ತಿದ್ದರೆ ಲೈಟೇ ಆರಿಹೋಗುತ್ತದೆ. ಕೈ ಬೀಸುತ್ತ ಕೆಲಸ ಮಾಡೋದು ಯಾರಿಗೆ ಬೇಕು?

ಗೊತ್ತಿಲ್ಲದ ಒಂದು ಸಂಗತಿಯನ್ನು ವೈರಿಂಗ್‌ಗೆ ಬಂದ ಕಾಕಾ ಹೇಳಿದರು. ಹಳೇ ಚೋಕ್ ಟ್ಯೂಬ್ ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಸೆಕೆಂಡಿಗೆ 100 ಸಲ ಮಿನುಗುತ್ತದಂತೆ. ಆ ಬೆಳಕಿನಲ್ಲಿ ತಿರುಗುವ ಬ್ಲೇಡ್ ನಿಂತಂತೆ ಕಾಣಬಹುದು. ಕೆಲವು ಅಗ್ಗದ ಎಲ್‌ಇಡಿಗಳದ್ದೂ ಇದೇ ಕತೆ. ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೋ ಮಾಡಿ ನೋಡಿ, ಮಿನುಗು ಇದ್ದರೆ ಪಟ್ಟೆ ಪಟ್ಟೆಯಾಗಿ ಕಾಣುತ್ತದೆ. ನನ್ನವು ಪಾಸಾದವು.

ಗೋಡೆಗೆ ಬಿಳಿ ಬಣ್ಣ ಹೊಡೆಯೋದು ಬಾಕಿ ಇದೆ, ಮಳೆ ನಿಲ್ಲಲಿ.