ಕೇಬಲ್ ಇದ್ದರೆ ಹಾಟ್‌ಸ್ಪಾಟ್ ಯಾಕೆ ಕೆಲಸ ಮಾಡುವುದಿಲ್ಲ?

ಪ್ರಶ್ನೆ: ಸರ್, ಉಡುಪಿಯಲ್ಲಿ ನನ್ನದೊಂದು ಜೆರಾಕ್ಸ್, ಡಿಟಿಪಿ ಅಂಗಡಿ ಉಂಟು. ಡೆಸ್ಕ್‌ಟಾಪಿನಲ್ಲಿ ವಿಂಡೋಸ್ ಅಲ್ಲ, ಉಬುಂಟು ಎಂಬ ಲಿನಕ್ಸ್. ರೂಟರಿನಿಂದ ಕೇಬಲ್ ಎಳೆದಿದ್ದೇನೆ, ವೈಫೈ ಡಾಂಗಲ್ ಕೂಡ ಹಾಕಿದ್ದೇನೆ. ಮಳೆಗಾಲದಲ್ಲಿ ಫೈಬರ್ ಆಗಾಗ ಕೈಕೊಡ್ತದೆ. ಆಗ ಮೊಬೈಲ್ ಹಾಟ್‌ಸ್ಪಾಟ್ ಆನ್ ಮಾಡ್ತೇನೆ. ಕಂಪ್ಯೂಟರ್ ಅದಕ್ಕೆ ಕನೆಕ್ಟ್ ಆಗ್ತದೆ, ಆದರೆ ಒಂದು ಪೇಜೂ ಓಪನ್ ಆಗುವುದಿಲ್ಲ. ಕೇಬಲ್ ಕಿತ್ತರೆ ಕೂಡಲೇ ಸರಿ. ಕೆಲವೊಮ್ಮೆ ಹಾಗೇ ಬಿಟ್ಟು ಚಾ ಕುಡಿದು ಬರುವಷ್ಟರಲ್ಲಿ ತನ್ನಷ್ಟಕ್ಕೇ ಸರಿಯಾಗಿರ್ತದೆ! ಹಾಟ್‌ಸ್ಪಾಟಿಗೆ ಪ್ರಯಾರಿಟಿ 10 ಕೊಟ್ಟು ನೋಡಿದೆ, ಪ್ರಯೋಜನ ಆಗಲಿಲ್ಲ. ಎಂತ ಮಾಡುವುದು?

ಉತ್ತರ: ನೀವು ಪ್ರಯಾರಿಟಿ ಕೊಟ್ಟದ್ದು ತಪ್ಪಲ್ಲ, ಆದರೆ ಅದು ಬೇರೆ ಕೆಲಸದ್ದು ಮಾರಾಯ್ರೆ. ಒಂದೇ ಡಾಂಗಲ್‌ಗೆ ನಾಲ್ಕು ವೈಫೈ ಕಂಡರೆ ಯಾವುದಕ್ಕೆ ಸೇರುವುದು ಎಂಬಷ್ಟನ್ನೇ ಅದು ತೀರ್ಮಾನಿಸುವುದು. ಕೇಬಲ್, ವೈಫೈ ಎರಡೂ ಕನೆಕ್ಟ್ ಆಗಿರುವಾಗ ನೆಟ್ ಯಾವುದರಲ್ಲಿ ಹೋಗಬೇಕು ಅನ್ನುವುದಕ್ಕೆ ಮೆಟ್ರಿಕ್ ಎಂಬ ಬೇರೆ ಲೆಕ್ಕ. ಉಬುಂಟುವಿನಲ್ಲಿ ಇದನ್ನೆಲ್ಲ ನೋಡಿಕೊಳ್ಳುವ ನೆಟ್‌ವರ್ಕ್‌ಮ್ಯಾನೇಜರ್ ಕೇಬಲ್‌ಗೆ 100, ವೈಫೈಗೆ 600 ಕೊಡ್ತದೆ. ಇಲ್ಲಿ ಚಿಕ್ಕ ಅಂಕಿಯೇ ಮೇಲು. ಪ್ರಯಾರಿಟಿಯಲ್ಲಿ ದೊಡ್ಡದು ಮೇಲು. ಈ ಉಲ್ಟಾದಲ್ಲಿ ನಮ್ಮ ಟೆಕ್ನಿಷಿಯನ್‌ಗಳೇ ಎಡವುತ್ತಾರೆ.

ಫೈಬರ್ ಹೋದರೂ ನಿಮ್ಮ ರೂಟರ್ ಬದುಕಿರ್ತದಲ್ಲ, ಕಂಪ್ಯೂಟರಿಗೆ ಐಪಿ ಅಡ್ರೆಸ್ (ನೆಟ್‌ವರ್ಕಿನೊಳಗಿನ ವಿಳಾಸ) ಕೊಡ್ತಾ ಇರ್ತದೆ. ಕಂಪ್ಯೂಟರಿನ ಮಟ್ಟಿಗೆ ಕೇಬಲ್ ಸಮ ಉಂಟು. ಮಂಗಳೂರಿಗೆ ಹೊರಟು ಉಡುಪಿಯ ಕರಾವಳಿ ಜಂಕ್ಷನ್‌ನಲ್ಲಿ ನಿಂತವರಿಗೆ ಹೈವೇ ಖಾಲಿ ಕಾಣ್ತದೆ. ಮುಂದೆ ಮೂಲ್ಕಿ ಸೇತುವೆ ಬಂದ್ ಆಗಿದ್ದರೆ ಅಲ್ಲಿಂದ ಗೊತ್ತಾಗುವುದುಂಟಾ? ಯಾರಾದರೂ ಹೋಗಿ ನೋಡಿ ಬಂದು ಹೇಳಿದರೆ ಕಾರ್ಕಳ, ಮೂಡುಬಿದಿರೆ ದಾರಿ ಹಿಡಿಯಬಹುದು. ಹಾಗೆ ನೋಡಿ ಬರುವ ಕೆಲಸಕ್ಕೆ ಕನೆಕ್ಟಿವಿಟಿ ಚೆಕ್ ಅಂತ ಹೆಸರು. ಮಾಮೂಲಾಗಿ 5 ನಿಮಿಷಕ್ಕೊಮ್ಮೆ ನಡೆಯುತ್ತದೆ. ನೆಟ್ ಇಲ್ಲ ಅಂತ ಗೊತ್ತಾದರೆ ಕೇಬಲಿನ ಮೆಟ್ರಿಕ್‌ಗೆ 20,000 ಸೇರಿಸ್ತದೆ. 20,100ರ ಎದುರು 600 ಗೆದ್ದಿತು. ನಿಮ್ಮ ಚಾದ ಗುಟ್ಟು ಅದೇ.

ಪ್ರಶ್ನೆ: ಓ! ಹಾಗಾದರೆ ಆ 5 ನಿಮಿಷ ಕಾಯದೆ ಉಪಾಯ ಇಲ್ವಾ? ಕೌಂಟರಿನಲ್ಲಿ ಜನ ನಿಂತಿರ್ತಾರೆ.

ಉತ್ತರ: ಉಂಟು. ಸುಲಭದ್ದು, ಕೇಬಲ್ ಕೀಳಬೇಡಿ, ಅದರ ಪ್ಲಾಸ್ಟಿಕ್ ಕ್ಲಿಪ್ ಮುರಿದೀತು. ಮೂಲೆಯ ಮೆನುವಿನಲ್ಲಿ ವಯರ್ಡ್ (ಅಂದರೆ ಕೇಬಲ್ ಕನೆಕ್ಷನ್) ಆಫ್ ಮಾಡಿ. ಒಂದು ನೆನಪಿರಲಿ: ನೀವೇ ಆಫ್ ಮಾಡಿದ್ದನ್ನು ಅದು ತಾನಾಗಿ ಪುನಃ ಹಚ್ಚುವುದಿಲ್ಲ, ಫೈಬರ್ ಬಂದ ಮೇಲೆ ನೀವೇ ಆನ್ ಮಾಡಬೇಕು.

ನನ್ನನ್ನು ಕೇಳಿದರೆ ಹಾಟ್‌ಸ್ಪಾಟ್ ಪ್ರೊಫೈಲಿನ (ಕಂಪ್ಯೂಟರಿನಲ್ಲಿ ಉಳಿದಿರುವ ಅದರ ಸೆಟ್ಟಿಂಗ್) ರೂಟ್ ಮೆಟ್ರಿಕ್ಕನ್ನೇ, ಅಂದರೆ ಆಗ ಹೇಳಿದ ಮೆಟ್ರಿಕ್ಕನ್ನೇ, ಕೇಬಲಿನ 100ಕ್ಕಿಂತ ಕಮ್ಮಿ, 50 ಮಾಡಿಬಿಡಿ. ಸೆಟ್ಟಿಂಗ್ಸ್‌ನಲ್ಲಿ ಸಿಗುವುದಿಲ್ಲ, ಕಮಾಂಡ್ ಟೈಪ್ ಮಾಡುವ ಟರ್ಮಿನಲ್‌ನಲ್ಲೇ ಮಾಡಬೇಕು. ಐಪಿ ಅಡ್ರೆಸ್‌ನಲ್ಲಿ ಐಪಿವಿ4, ಐಪಿವಿ6 ಅಂತ ಎರಡು ಬಗೆ, ಎರಡಕ್ಕೂ ಹಾಕಿ, ಆಮೇಲೆ ಒಮ್ಮೆ ಕಡಿದು ಕನೆಕ್ಟ್ ಮಾಡಿ. ಹಾಟ್‌ಸ್ಪಾಟ್ ಆನ್ ಆದ ಕೂಡಲೇ ಎಲ್ಲ ಅದರಲ್ಲೇ ಹೋಗ್ತದೆ. ಆಫ್ ಮಾಡಲು ಮರೆತರೆ ಫೈಬರ್ ಸರಿಯಿದ್ದರೂ ಮೊಬೈಲ್ ಡಾಟಾ ಖಾಲಿ, ಅಷ್ಟೇ ಅಪಾಯ. ಹಾಗಾಗಿ ಆ ಪ್ರೊಫೈಲನ್ನು ಮೀಟರ್ಡ್ (ಡಾಟಾ ಮಿತಿ ಇರುವ ಕನೆಕ್ಷನ್) ಅಂತ ಗುರುತು ಮಾಡಿ. ಅದನ್ನು ಗಮನಿಸುವ ಪ್ರೋಗ್ರಾಮ್‌ಗಳು ದೊಡ್ಡ ಅಪ್‌ಡೇಟ್ ಇಳಿಸದೆ ಕಾಯುತ್ತವೆ.

ಇನ್ನೊಬ್ಬರು, ಸುರತ್ಕಲ್: ಸರ್, ನಾನು ಮೊಬೈಲನ್ನು ಯುಎಸ್‌ಬಿ ವಯರಿನಲ್ಲೇ ಹಾಕುವುದು. ನನಗೂ ಇದೇ ಲೆಕ್ಕವಾ?

ಉತ್ತರ: ಅಲ್ಲ. ಯುಎಸ್‌ಬಿ ಟೆದರಿಂಗ್ (ವಯರಿನಲ್ಲಿ ಮೊಬೈಲ್ ನೆಟ್ ಕೊಡುವುದು) ಕಂಪ್ಯೂಟರಿಗೆ ಇನ್ನೊಂದು ಕೇಬಲ್ ಇದ್ದ ಹಾಗೆಯೇ ಕಾಣ್ತದೆ, ವೈಫೈಯ 600ರ ಸಾಲಿಗೆ ಬರುವುದಿಲ್ಲ. ಹಾಗಾಗಿ ಚಾರ್ಜಿಗೆ ಅಂತ ಚುಚ್ಚಿದ ಫೋನಿನಲ್ಲಿ ಟೆದರಿಂಗ್ ಆನ್ ಉಂಟಾ ಅಂತ ಮೊದಲು ನೋಡಿ, ಇದ್ದರೆ ನೆಟ್ ಅದರಲ್ಲೇ ಹೋದೀತು.

ಉಡುಪಿಯವರು: ಸರ್, 50 ಹಾಕಿದೆ. ರೂಟರಿನ ಹಿಂದಿನ ಫೈಬರ್ ವಯರ್ ತೆಗೆದು ಹಾಟ್‌ಸ್ಪಾಟ್ ಆನ್ ಮಾಡಿ ನೋಡಿದೆ, ಕೂಡಲೇ ಪೇಜ್ ಬಂತು. ಐಪಿವಿ6 ಮರೆತಿದ್ದೆ, ಈಗ ಅದಕ್ಕೂ ಹಾಕ್ತೇನೆ.